ವೀಲ್‌ಚೇರ್‌ನಲ್ಲಿ ಚೆನ್ನೈ ಡಿಸೆಂಬರ್ ಸಂಗೀತ ಕಚೇರಿಗೆ: ಮೊದಲು ಮೆಟ್ಟಿಲು ಎಣಿಸಿ

"ವೀಲ್‌ಚೇರ್ ಬರುತ್ತಾ?" ಅಂತ ಸಂಗೀತ ಸಭೆಯವರನ್ನು, ಅಂದರೆ ಕಚೇರಿ ನಡೆಸುವ ಸಂಘದವರನ್ನು, ಫೋನಲ್ಲಿ ಕೇಳಬೇಡಿ. "ಬರುತ್ತೆ ಸಾರ್, ಧಾರಾಳವಾಗಿ ಬನ್ನಿ" ಅನ್ನುತ್ತಾರೆ. ನಾನು ಹಾಗೇ ಕೇಳಿದೆ, ಹಾಗೇ ಹೇಳಿದರು. ಹೋಗಿ ನೋಡಿದರೆ ಆ ಸಭೆಯ ಕಟ್ಟಡದ ಬಾಗಿಲಿಗೆ 7 ಮೆಟ್ಟಿಲು. ಅವರೇನೂ ಸುಳ್ಳು ಹೇಳಿರಲಿಲ್ಲ. ಮೆಟ್ಟಿಲ ಹತ್ತಿರ ನಾಲ್ಕು ಹುಡುಗರು ನಿಂತಿದ್ದರು. "ತೂಕ್ಕಿಡಲಾಮ್ ಸಾರ್" ಅಂದರು. ಎತ್ತಿಬಿಡೋಣ ಅಂತ. ಅವರ ಲೆಕ್ಕದಲ್ಲಿ ವೀಲ್‌ಚೇರ್ ಬರೋದು ಅಂದರೆ ಅದೇ.

ನಾನು ಮೈಸೂರಿನವನು. ಸ್ಕೂಟರ್ ಅಪಘಾತವಾಗಿ ವೀಲ್‌ಚೇರ್ ಹಿಡಿದು 11 ವರ್ಷ ಆಯಿತು. ಸಂಗೀತದ ಹುಚ್ಚು ಅದಕ್ಕಿಂತ ಹಳೆಯದು. ಮೈಸೂರಿನ ಪಿಟೀಲು ವಿದ್ವಾನ್ ಚೌಡಯ್ಯನವರಿಗೆ 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟ ಕಥೆಯನ್ನು ನಮ್ಮಪ್ಪ ನೂರು ಸಲ ಹೇಳಿದ್ದಾರೆ. ಆ ಊರಿನ ಡಿಸೆಂಬರ್ ಸೀಸನ್, ಅಂದರೆ ಊರ ತುಂಬ ಸಂಗೀತ ಕಚೇರಿ ನಡೆಯುವ ಹೊತ್ತು, ಒಮ್ಮೆ ನೋಡಬೇಕು ಅಂತ ಇತ್ತು. ಅಣ್ಣನ ಮಗನಿಗೆ ರಜೆ ಸಿಕ್ಕಿತು, ಹೊರಟೆವು. ಯಾರು ಹೇಗೆ ಹಾಡಿದರು ಅಂತ ಬರೆಯೋಕೆ ಬಹಳ ಜನ ಇದ್ದಾರೆ. ನಾನು ಬರೆಯುವುದು ಬಾಗಿಲಿನ ತನಕದ ಮಾತು, ಬಾಗಿಲು ದಾಟಿದ ಮೇಲೆ ಸ್ವಲ್ಪ.

ಹೋಗುವಾಗ ಕಾವೇರಿ ಎಕ್ಸ್‌ಪ್ರೆಸ್. ಮೂರನೇ ದರ್ಜೆ ಎಸಿಯಲ್ಲಿ ನಮ್ಮಂಥವರಿಗೂ ಜೊತೆಗೆ ಬರುವ ಒಬ್ಬರಿಗೂ 75% ರಿಯಾಯಿತಿ ಇದೆ, ಆದರೆ ಅದಕ್ಕೆ ರೈಲ್ವೆಯವರ ಕಾರ್ಡ್ ಮೊದಲೇ ಮಾಡಿಸಿಕೊಂಡಿರಬೇಕು. ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಹೋಗೋದು ಬರೋದು ಎರಡನ್ನೂ ಒಟ್ಟಿಗೆ ಮಾಡಿಸಿ. ನಾನು ಹೋಗೋದಷ್ಟೇ ಮಾಡಿಸಿದೆ. ಆ ದಡ್ಡತನದ ಕಥೆ ಕೊನೆಗೆ ಬರುತ್ತೆ.

ಮೈಲಾಪುರದ ಲಾಡ್ಜ್‌ನವನಿಗೆ "ಲಿಫ್ಟ್ ಇದೆಯಾ?" ಅಂತ ಕೇಳಿದ್ದೆ. ಇತ್ತು. ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಇತ್ತು! ರೂಮಿಗೆ ದಿನಕ್ಕೆ 3,200 ರೂಪಾಯಿ, ಸೀಸನ್ ರೇಟು. ಬಚ್ಚಲಿನ ಬಾಗಿಲು 22 ಇಂಚು, ನನ್ನ ಕುರ್ಚಿ 25. ಮೂರು ಇಂಚಿಗಾಗಿ ಐದು ದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಜರುಗಿಕೊಂಡು ಒಳಗೆ ಹೋದೆ. ಬಾಗಿಲ ಅಗಲವನ್ನು ಟೇಪ್ ಇಟ್ಟು ಅಳೆದು ಫೋಟೋ ಕಳಿಸಿ ಅಂತ ಕೇಳಿ. ನಾಚಿಕೊಳ್ಳಬೇಡಿ. ಕಳಿಸದಿದ್ದರೆ ಬೇರೆ ಲಾಡ್ಜ್ ನೋಡಿ.

ಮತ್ತೆ ಆ ಏಳು ಮೆಟ್ಟಿಲ ಸಭೆಗೆ ಬರೋಣ. ಹೆಸರು ಹೇಳಲ್ಲ. ಮುಂದಿನ ವರ್ಷ ಅವರು ರ‍್ಯಾಂಪ್ ಹಾಕಿದರೆ ನನ್ನ ಬರಹ ಹಳಸಿ ಹೋಗಲಿ, ಸಂತೋಷ.

ಎತ್ತುವುದು ಅಂದರೆ ಏನು ಅಂತ ಎತ್ತಿಸಿಕೊಳ್ಳದವರಿಗೆ ಗೊತ್ತಾಗಲ್ಲ. ಒಬ್ಬ ಚಕ್ರ ಹಿಡಿದ. ಚಕ್ರ ತಿರುಗುತ್ತೆ ಅನ್ನೋದು ಅವನಿಗೆ ಅರ್ಧ ದಾರಿಯಲ್ಲಿ ಹೊಳೆಯಿತು. ಇನ್ನೊಬ್ಬ ಕೈಯಿಡುವ ಪಟ್ಟಿ ಹಿಡಿದ, ಅದು ಕಳಚಿ ಬರುವಂಥದ್ದು. ಹಿಂದೆ ರೇಷ್ಮೆ ಸೀರೆಯ ಅಜ್ಜಿಯರ ಸಾಲು, "ಪಾತ್ತು ಪಾತ್ತು", ನೋಡಿಕೊಂಡು ಅಂತ, ಅನ್ನುತ್ತಿದ್ದರು. ಎತ್ತುವವರಿದ್ದರೆ ನೀವೇ ಹೇಳಿಕೊಡಿ: ಹಿಂದಿನವರು ತಳ್ಳುವ ಹಿಡಿ ಹಿಡಿಯಬೇಕು, ಮುಂದಿನವರು ಚೌಕಟ್ಟಿನ ಕಂಬಿ ಹಿಡಿಯಬೇಕು, ಬ್ರೇಕ್ ಹಾಕಿರಬೇಕು, ಕೂತವರ ಮುಖ ಮೆಟ್ಟಿಲಿನ ಕೆಳಗಿನ ಕಡೆ ಇರಬೇಕು. ತಮಿಳಲ್ಲಿ ಇಷ್ಟನ್ನು ಹೇಳೋಕೆ ನಮ್ಮ ಹುಡುಗನಿಗೆ, ಅಣ್ಣನ ಮಗನಿಗೆ, ರೈಲಲ್ಲೇ ಕಲಿಸಿದ್ದರೆ ಚೆನ್ನಾಗಿತ್ತು.

ಆ ಅಜ್ಜಿಯರದ್ದೇ ಆಶ್ಚರ್ಯ. ಕಚೇರಿಗೆ ಬರುವವರಲ್ಲಿ ಅರ್ಧದಷ್ಟು ಜನ ಎಪ್ಪತ್ತು ದಾಟಿದವರು. ಮಂಡಿನೋವು, ಕೋಲು, ಮಗಳ ಭುಜ. ಅವರೂ ಆ ಮೆಟ್ಟಿಲನ್ನೇ ಹತ್ತಬೇಕು. ಯಾರೂ ಒಂದು ಮಾತು ಆಡುವುದಿಲ್ಲ, ದೇವಸ್ಥಾನದ ಮೆಟ್ಟಿಲು ಅನ್ನೋ ಹಾಗೆ ಹತ್ತುತ್ತಾರೆ.

ಒಳಗೆ ನನ್ನನ್ನು ಎಡಮೂಲೆಯಲ್ಲಿ ನಿಲ್ಲಿಸಿದರು. ಟಿಕೆಟ್ ತಗೊಂಡಿದ್ದು ನಡುವಿನ ಸಾಲಿಗೆ. ಕುರ್ಚಿ ಬಿಟ್ಟು ಸೀಟಿಗೆ ಜರುಗಿದರೆ ವೀಲ್‌ಚೇರನ್ನು ಹೊರಗೆ ಒಯ್ಯುತ್ತಾರಂತೆ. ಅದು ನನ್ನ ಕಾಲು, ಅದನ್ನು ಹೊರಗೆ ಕಳಿಸಿ ನಾನು ಇಲ್ಲಿ ಹೇಗೆ ಕೂರಲಿ? ಇದನ್ನೂ ನನ್ನನ್ನು ಕೇಳಲಿಲ್ಲ, ಹುಡುಗನನ್ನು ಕೇಳಿದರು. "ಇವರನ್ನು ಎಲ್ಲಿ ಕೂರಿಸೋಣ?" ಅಂತ. ಅವನು "ಚಿಕ್ಕಪ್ಪನ್ನೇ ಕೇಳಿ" ಅಂದ. ಮತ್ತೆ ಅವನನ್ನೇ ಕೇಳಿದರು.

ಎಡಮೂಲೆಯಿಂದ ಕಾಣೋದು ಮೃದಂಗದವರ ಬೆನ್ನು. ಹಾಡುವವರ ಮುಖ ಮೂರು ಗಂಟೆಯಲ್ಲಿ ಎರಡು ಸಲ ಕಂಡಿತು, ಅದೂ ಅವರು ನೀರು ಕುಡಿಯೋಕೆ ತಿರುಗಿದಾಗ. ಕೇಳೋಕೆ ತಾನೇ ಬಂದಿದ್ದು ಅನ್ನಬಹುದು. ಕಚೇರಿ ಕೇಳಿದವರು ಹಾಗೆ ಅನ್ನಲ್ಲ. ಸ್ವರ ಹಾಕುವಾಗ ಪಿಟೀಲಿನವರ ಕಡೆ ನೋಡುವ ಆ ನೋಟ ಇಲ್ಲದಿದ್ದರೆ ರೇಡಿಯೋ ಸಾಕಲ್ವಾ?

ಇನ್ನೊಂದು ತಮಾಷೆ. ತನಿ ಆವರ್ತನ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಭಾಗ, ಶುರುವಾಯಿತು ಅಂದರೆ ಒಂದು ಹಿಂಡು ಜನ ಎದ್ದು ಕ್ಯಾಂಟೀನಿಗೆ ಹೊರಡುತ್ತಾರೆ. ಇದು ಆ ಊರಿನ ಹಳೇ ರೂಢಿ. ಹೊರಡುವ ದಾರಿ ನನ್ನ ಮೂಲೆಯೇ. ಮಿಶ್ರಚಾಪು ತಾಳ ನಡೆಯುತ್ತಿದೆ, ನನ್ನ ಮೊಣಕಾಲಿನ ಮೇಲೆ ಕೈಚೀಲಗಳು ಹಾಯುತ್ತಿವೆ. ಒಬ್ಬರು ನನ್ನ ಕುರ್ಚಿಯ ಹಿಡಿಗೆ ಕೈ ಊರಿಕೊಂಡೇ ಚಪ್ಪಲಿ ಸರಿಮಾಡಿಕೊಂಡರು.

ಟಾಯ್ಲೆಟ್‌ಗೆ ಒಂದು ಮೆಟ್ಟಿಲು, ಎರಡಡಿ ಬಾಗಿಲು. ಮಧ್ಯಾಹ್ನದಿಂದ ನೀರೇ ಕುಡಿದಿರಲಿಲ್ಲ, ಬದುಕಿದೆ. ಸಂಜೆ ಕಚೇರಿ ಇದ್ದರೆ ಯೂರಿನ್ ಬ್ಯಾಗ್ ಹಾಕಿಕೊಂಡೇ ಹೋಗಿ. ಬರೆಯೋಕೆ ಮುಜುಗರ, ಆದರೆ ಯಾರಾದರೂ ಬರೆಯಬೇಕು.

ಕಾರ್ಯದರ್ಶಿಯೊಬ್ಬರು ಸಿಕ್ಕಿದರು, ಒಳ್ಳೆಯವರೇ. "ಹಳೇ ಕಟ್ಟಡ, ಜಾಗ ಇಲ್ಲ" ಅಂದರು. ರ‍್ಯಾಂಪ್ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಏಳು ಮೆಟ್ಟಿಲು ಅಂದರೆ ಮೂರೂವರೆ ಅಡಿ, 42 ಅಡಿ ಇಳಿಜಾರು ಬೇಕು. ಹೌದು, ಉದ್ದವೇ. ಅವರ ಅಂಗಳದಲ್ಲಿ ಆವತ್ತು ಒಂಬತ್ತು ಕಾರು ನಿಂತಿದ್ದವು, ನಾನೇ ಎಣಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಕಟ್ಟಡವಾದರೂ ಸಾರ್ವಜನಿಕರು ಬರುವಂಥದ್ದಾದರೆ ನಮಗೂ ದಾರಿ ಇರಬೇಕು. 2017ರಲ್ಲಿ ನಿಯಮ ಬಂದ ಮೇಲೆ ಹಳೇ ಕಟ್ಟಡಗಳಿಗೆ ಇದ್ದ 5 ವರ್ಷದ ಗಡುವು ಎಂದೋ ಮುಗಿದಿದೆ. ಹೇಳಿದೆ. "ಕಾಫಿ ಕುಡಿದು ಹೋಗಿ" ಅಂದರು.

ಕುಡಿದೆ. ಆ ಕ್ಯಾಂಟೀನಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಸೀಸನ್ ಹೊತ್ತಿಗೆ ಸಭೆಗಳ ಅಂಗಳದಲ್ಲಿ ಶಾಮಿಯಾನ ಹಾಕಿ ಅಡುಗೆಯವರು ಬೀಡುಬಿಡುತ್ತಾರೆ. ಕಟ್ಟಡಕ್ಕೆ ಏಳು ಮೆಟ್ಟಿಲಿದ್ದರೂ ಶಾಮಿಯಾನಕ್ಕೆ ಒಂದೂ ಇಲ್ಲ! ಮಣ್ಣಿನ ನೆಲ, ಮೇಲೆ ಜಮಖಾನ, ಸ್ವಲ್ಪ ಗಾಲಿ ಹೂಳುತ್ತೆ ಅಷ್ಟೆ. ಬಡಿಸುವವನು ಕೇಳದೆಯೇ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಪಕ್ಕಕ್ಕೆ ಇಟ್ಟ, ನನ್ನ ಕುರ್ಚಿ ಮೇಜಿನ ಕೆಳಗೆ ಸರಿಯಾಗಿ ಸೇರಿತು. ಎಲೆ ಹಾಕಿದ. ಏನು ಬೇಕು ಅಂತ ನನ್ನನ್ನೇ ಕೇಳಿದ, ನನ್ನ ಮುಖ ನೋಡಿಕೊಂಡು. ಐದು ದಿನದಲ್ಲಿ ಹಾಗೆ ಕೇಳಿದ ಮೊದಲನೆಯವನು ಅವನು.

ಬಾಳೆಹೂವಿನ ವಡೆ ತಿನ್ನಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬೇಳೆ ಅರ್ಧಂಬರ್ಧ ರುಬ್ಬಿದ್ದು. ಅಡೈ ಜೊತೆ ಅವಿಯಲ್ ಕೊಡುತ್ತಾರೆ, ಬೆಲ್ಲ ಬೆಣ್ಣೆ ಕೇಳಿದರೆ ಅದನ್ನೂ. ಕಾಶಿ ಹಲ್ವ ನಮ್ಮ ಮದುವೆಮನೆಯದೇ, ಬೂದುಗುಂಬಳದ್ದು, ಆದರೆ ಬಣ್ಣ ಕಡಿಮೆ, ತುಪ್ಪ ಜಾಸ್ತಿ. ಹುಡುಗ ಮೂರು ಸಲ ಹಾಕಿಸಿಕೊಂಡ. ಇಬ್ಬರಿಗೂ ಸೇರಿ 340 ರೂಪಾಯಿ ಆಯಿತು. ಅಲ್ಲಿ ಬೆಳಿಗ್ಗೆ ತಿಂಡಿಗೂ ಹೋದೆವು, ಕಚೇರಿ ಇಲ್ಲದ ದಿನವೂ ಹೋದೆವು. ಟಿಕೆಟ್ ಬೇಕಿಲ್ಲ. ಶಾಮಿಯಾನಕ್ಕೆ ಸ್ಪೀಕರ್ ಎಳೆದಿದ್ದರೆ ಅಲ್ಲೇ ಕೂತು ಕೇಳಿಬಿಡಬಹುದಿತ್ತು.

ಊರಿನೊಳಗೆ ಓಡಾಡೋಕೆ ಮೆಟ್ರೋ ಒಳ್ಳೆಯದು, ಲಿಫ್ಟ್ ಇವೆ, ಬೋಗಿಯಲ್ಲಿ ಜಾಗ ಇದೆ. ಸೆಂಟ್ರಲ್‌ನಿಂದ ತೇನಾಂಪೇಟೆಗೆ ಬಂದು ಅಲ್ಲಿಂದ ಆಟೋ ಹಿಡಿದೆವು. ಮೈಲಾಪುರದಲ್ಲಿ ನಾವು ಹೋದಾಗ ಹೊಸ ಲೈನಿಗೆ ರಸ್ತೆ ಅಗೆದಿದ್ದರು, ಫುಟ್‌ಪಾತ್ ಮರೆತುಬಿಡಿ. 2024ರಿಂದ ಚೆನ್ನೈಯಲ್ಲಿ ಹೊಸ ಲೋ ಫ್ಲೋರ್ ಬಸ್ಸುಗಳು ಬಂದಿವೆ, ಬಾಗಿಲ ಹತ್ತಿರದ ಹಲಗೆ ಬಿಡಿಸಿದರೆ ಗಾಲಿ ನೇರ ಒಳಗೆ. ಒಂದು ಸಲ ಹತ್ತಿದೆ, ಖುಷಿಯಾಯಿತು. ಸಂಜೆ ಹೊತ್ತು ಮಾತ್ರ ಬೇಡ, ಆ ನೂಕುನುಗ್ಗಲಲ್ಲಿ ನಾನು ಇನ್ನೊಮ್ಮೆ ಹತ್ತಲ್ಲ.

ಎರಡನೇ ಸಭೆಗೆ ಹೋಗುವ ಮೊದಲು ಬುದ್ಧಿ ಬಂದಿತ್ತು. ಮುಂಬಾಗಿಲಿಗೆ ಹೋಗಲೇ ಇಲ್ಲ. ಕಟ್ಟಡ ಒಂದು ಸುತ್ತು ಬಂದೆವು. ಹಿಂದೆ ಮೈಕಿನವರ ವ್ಯಾನ್ ನಿಂತಿತ್ತು. ಸ್ಪೀಕರ್ ಪೆಟ್ಟಿಗೆಗಳನ್ನು ಗಾಲಿ ಮೇಲೆ ತಳ್ಳಿಕೊಂಡು ಹೋಗುತ್ತಿದ್ದರು. ಪೆಟ್ಟಿಗೆಗೆ ಇಳಿಜಾರು ಇದೆ ಅಂದರೆ ನನಗೂ ಇದೆ! ಕಾವಲಿನವರು ಮೊದಲು ಬಿಡಲಿಲ್ಲ. ಮೈಕಿನ ಹುಡುಗನೇ ನಕ್ಕು, "ಇದು 80 ಕಿಲೋ ಪೆಟ್ಟಿಗೆ, ಸಾರ್ ಅದಕ್ಕಿಂತ ಕಮ್ಮಿನೇ" ಅಂದ. ನಾನು 82. ಹೇಳಲಿಲ್ಲ. ಗ್ರೀನ್ ರೂಮ್ ಪಕ್ಕದಲ್ಲೇ ಹಾದು ಹೋದೆವು. ಬಾಗಿಲು ಅರ್ಧ ತೆರೆದಿತ್ತು. ಪಿಟೀಲಿನವರು ಒಬ್ಬರೇ ಕೂತು ತಂತಿ ಸರಿಮಾಡುತ್ತಿದ್ದರು. ಅಲ್ಲಿಂದ ನೇರ ಎರಡನೇ ಸಾಲಿನ ಬಲಗಡೆ, ಎಲ್ಲರ ಮುಖವೂ ಕಾಣುವ ಜಾಗ. ತನಿಗೆ ಎದ್ದು ಹೋಗುವವರ ದಾರಿಯೂ ಅಲ್ಲ.

ಆದ್ದರಿಂದ ಯಾವ ಸಭೆಗೆ ಫೋನ್ ಮಾಡಿದರೂ ಕೇಳಬೇಕಾದ್ದು ಇಷ್ಟೇ: ಎಷ್ಟು ಮೆಟ್ಟಿಲು, ಟಾಯ್ಲೆಟ್ ಬಾಗಿಲು ಎಷ್ಟು ಇಂಚು, ಸ್ಪೀಕರ್ ಯಾವ ಬಾಗಿಲಲ್ಲಿ ಬರುತ್ತೆ. ಮೂರನೆಯದಕ್ಕೆ ಗಾಬರಿಯಾಗುತ್ತಾರೆ, ಆದರೆ ಉತ್ತರ ಹೇಳುತ್ತಾರೆ. ಮಧ್ಯಾಹ್ನದ ಎಳೆಯರ ಕಚೇರಿಗಳು ಎಷ್ಟೋ ಕಡೆ ಪುಕ್ಕಟೆ, ಜನವೂ ಕಮ್ಮಿ. ಜಾಗ ನೋಡಿಕೊಂಡು ಬರೋಕೆ ಅದೇ ಒಳ್ಳೆ ಹೊತ್ತು.

ಈಗ ಆ ದಡ್ಡತನ. ವಾಪಸ್ ರೈಲಿನ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲೇ ಸತ್ತುಹೋಯಿತು. ಕೋಯಂಬೇಡಿನಿಂದ ಒಂದು ಖಾಸಗಿ ಸ್ಲೀಪರ್ ಬಸ್ ಮಾಡಿದೆವು. ಕೆಳಗಿನ ಬರ್ತ್ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದೆ. ಬಸ್ಸಿನ ಬಾಗಿಲಿಗೆ ಕಡಿದಾದ ನಾಲ್ಕು ಮೆಟ್ಟಿಲು, ಒಳಗೆ ಓಣಿ ಒಂದೂವರೆ ಅಡಿ. ಹುಡುಗ ನನ್ನನ್ನು ಬೆನ್ನ ಮೇಲೆ ಹೊತ್ತು ನಡೆದ, ನನ್ನ ಕಾಲುಗಳು ಎರಡೂ ಕಡೆಯ ಪರದೆಗಳನ್ನು ಎಳೆದುಕೊಂಡು ಬಂದವು. ಮಲಗಿದ್ದವರೊಬ್ಬರು ಬೈದರು. ಆಮೇಲೆ ಕ್ಲೀನರ್ ಬಂದು ಡಿಕ್ಕಿಯಲ್ಲಿಟ್ಟ ವೀಲ್‌ಚೇರ್‌ಗೆ 300 ರೂಪಾಯಿ ಕೇಳಿದ. "ಲಗೇಜ್ ಸಾರ್." ವಿಮಾನದಲ್ಲೂ ಇದಕ್ಕೆ ದುಡ್ಡು ತಗೊಳ್ಳಲ್ಲ ಅಂದೆ. "ಹಾಗಾದ್ರೆ ವಿಮಾನದಲ್ಲೇ ಹೋಗಿ" ಅಂದ. ಇಳಿಯೋಕೂ ಅವನದೇ ಸಹಾಯ ಬೇಕಲ್ಲ, ಕೊಟ್ಟೆ. ರಾತ್ರಿಯೆಲ್ಲ ಬಸ್ಸು ಎಲ್ಲಿ ನಿಲ್ಲಿಸಿದರೂ ನನಗೇನೂ ಇಲ್ಲ. ಎಲ್ಲರೂ ಇಳಿದು ಟೀ ಕುಡಿದು ಬಂದರು.

ಬೆಳಿಗ್ಗೆ ಮೈಸೂರಲ್ಲಿ ಡಿಕ್ಕಿ ತೆಗೆದಾಗ ಕುರ್ಚಿಯ ಮೇಲೆ ಎರಡು ಗ್ರೈಂಡರ್ ಪೆಟ್ಟಿಗೆ ಕೂತಿದ್ದವು. ಕಾಲಿಡುವ ತಟ್ಟೆ ಬಾಗಿಹೋಗಿತ್ತು. ಮನೆ ಹತ್ತಿರದ ಸೈಕಲ್ ಅಂಗಡಿಯವನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಿಕೊಟ್ಟ, ಎಣ್ಣೆಯನ್ನೂ ಬಿಟ್ಟ. 150 ರೂಪಾಯಿ ತಗೊಂಡ, ಕ್ಲೀನರ್ ತಗೊಂಡಿದ್ದರ ಅರ್ಧ.