ಟ್ರ್ಯಾಕ್ ಕಾಯಂಗಿಲ್ಲ

ಭಾನುವಾರದ ಆ ವಿಡಿಯೋವನ್ನು ಈ ವಾರ ಇಪ್ಪತ್ತು ಸಲವಾದರೂ ನೋಡಿದ್ದೇನೆ. ಬಳ್ಳಾರಿಯ ಗಾಂಧಿನಗರದಲ್ಲಿ ಗೆಳೆಯನ ತಂಗಿಯ ರಿಸೆಪ್ಷನ್. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿದು ಮೂಲೆಯಲ್ಲಿ ನಿಂತಿದ್ದವರು ಮಾಮ. ಸಂಬಂಧಿಕರೇನಲ್ಲ, ಅಪ್ಪನ ಸ್ನೇಹಿತರು. ಗಣೇಶನ ಪೆಂಡಾಲು, ಜಾತ್ರೆ, ಮದುವೆ ಅಂತ ಮೂವತ್ತೈದು ವರ್ಷದಿಂದ ಅದೇ ಕೆಲಸ.

ಶುರುವಾಗುವ ಮೊದಲು ಗೆಳೆಯ ಅವರ ಮುಂದೆಯೇ ಕೇಳಿದ: "ರೆಕಾರ್ಡ್ ಮಾಡಿದ ಮ್ಯೂಸಿಕ್ ಟ್ರ್ಯಾಕ್ ಹಾಕಿದ್ರ ಅದ್ರಾಗ ಬೇಸ್ ಬರ್ತೈತಲ್ರಿ, ಇವ್ರಿಗೆ ಬ್ಯಾರೆ ರೊಕ್ಕ ಯಾಕ?"

ಅವನು ಕೆಟ್ಟವನಲ್ಲ. ಮದುವೆ ಸಾಲ ತಲೆ ಮೇಲಿತ್ತು. ಆದರೂ ಹಿರಿಯರ ಎದುರಿಗೆ ಹಾಗೆ ಕೇಳಬಾರದಿತ್ತು. ನಾನೂ ಸುಮ್ನೆ ನಿಂತೆ, ಅದು ಇನ್ನೂ ಚುಚ್ಚುತ್ತಿದೆ.

ಮಾಮ ತಂತಿ ಶ್ರುತಿ ಮಾಡುತ್ತಲೇ ಹೇಳಿದರು: "ಬರ್ತೈತಪ್ಪ. ಆದ್ರ ಹಾಡೋರು ತಪ್ಪಿದ್ರ ಟ್ರ್ಯಾಕ್ ಕಾಯಂಗಿಲ್ಲ."

ಮೂರನೇ ಹಾಡಿಗೆ ಹೊಸ ಹುಡುಗಿ ಚರಣ ಮರೆತಳು. ಮೈಕ್ ಬಾಯಿಯ ಹತ್ತಿರ, ಮಾತೇ ಇಲ್ಲ. ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಾಮನ ಕಣ್ಣು ಅವಳ ಮುಖದ ಮೇಲಿದೆ. ಎಡಗೈ ಮುಂದಕ್ಕೆ ಹೋಗುವುದಿಲ್ಲ. ಬಲಗೈಯ ಎರಡು ಬೆರಳು ಅವೇ ಎರಡು ಸ್ವರಗಳನ್ನು ಸುತ್ತುತ್ತಿವೆ. ಡ್ರಮ್ಸ್ ಹುಡುಗನಿಗೆ ಸಣ್ಣಗೆ ತಲೆ ಆಡಿಸುತ್ತಾರೆ. ಒಂದು ಸುತ್ತು, ಇನ್ನೊಂದು ಸುತ್ತು. ಅವಳಿಗೆ ಸಾಲು ಸಿಗುತ್ತದೆ. ಊಟಕ್ಕೆ ಕೂತವರಿಗೆ ಏನೂ ಗೊತ್ತಾಗಲಿಲ್ಲ.

ಫೋನಿನಲ್ಲಿ ಹಾಗೇ ಹಾಕಿದರೆ ಅವರ ನಾದ ಕೇಳುವುದೇ ಇಲ್ಲ, ಬೆರಳು ಮಾತ್ರ ಕಾಣುತ್ತವೆ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರ ಫೋನಿನ ಪುಟ್ಟ ಸ್ಪೀಕರ್‌ಗೆ ಆಗದು. ಇಯರ್‌ಫೋನ್ ಹಾಕಿಕೊಂಡಾಗಲೇ ಎದೆಗೆ ತಾಕಿತು. ಗೆಳೆಯನ ಕಿವಿಗೂ ಹಾಕಿದೆ. ಎರಡು ಸಲ ಕೇಳಿದ, ಏನೂ ಅನ್ನಲಿಲ್ಲ.

ಹೋದ ತಿಂಗಳು ಆಫೀಸಿನಲ್ಲಿ ಹೊಸ ಹುಡುಗ ಎಲ್ಲರ ಮುಂದೆ ಲೆಕ್ಕ ಹೇಳುತ್ತಾ ತಡವರಿಸಿದ್ದ. ಒಂದು ನಿಮಿಷ ಕಾದಿದ್ದರೆ ಅವನೇ ಹೇಳುತ್ತಿದ್ದ. ನಾನು ಬಾಯಿ ಹಾಕಿ ಮುಗಿಸಿಬಿಟ್ಟೆ. ಆಮೇಲೆ ಅವನು ಮೀಟಿಂಗ್‌ನಲ್ಲಿ ಮಾತಾಡಿದ್ದೇ ಕಡಿಮೆ. ಇದು ನೆನಪಾಗಿದ್ದು ಈ ವಾರವೇ.

ಅವತ್ತು ರಾತ್ರಿ ಮಾಮ ಹಳೆ ಪಂಚೆಯ ತುಂಡಿನಿಂದ ತಂತಿ ಒಂದೊಂದನ್ನೇ ಒರೆಸುತ್ತಿದ್ದರು. ಹೊಸ ಸೆಟ್ ದುಬಾರಿ. ಮಂಕಾದರೆ ನೀರಿನಲ್ಲಿ ಕುದಿಸಿ, ಜಿಡ್ಡು ಬಿಡಿಸಿ, ಮತ್ತೆ ಅವನ್ನೇ ಕಟ್ಟುತ್ತಾರೆ. ಆ ಹುಡುಗಿ ಹತ್ತಿರ ಬಂದು "ಥ್ಯಾಂಕ್ಸ್ ಅಂಕಲ್" ಅಂದಳು.

ಮಾಮ ತಲೆ ಎತ್ತಿ ನೋಡಿದರು. "ಯಾಕವ್ವ, ಏನಾತು?"