ಬತ್ತಿದ ಕೊಳವೆಬಾವಿಗಳ ಪೂರ್ವಚರಿತ್ರೆ

ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ ಓದುವವರಿಗೆ ರೋಗಿಗಳನ್ನು ಹುಡುಕಿಕೊಂಡು ಹೋಗುವ ಅಭ್ಯಾಸವೇ ಇರುವುದಿಲ್ಲ. ಕಾಲೇಜು ಶುರುವಾದದ್ದು 1955ರಲ್ಲಿ. ಅದರ ಆಸ್ಪತ್ರೆಗಳು ಕಾಲೇಜಿಗಿಂತ ಹಿರಿಯವು. ವಿಕ್ಟೋರಿಯಾ 1900ರಲ್ಲೇ ಬಾಗಿಲು ತೆರೆದಿತ್ತು. ಹೆರಿಗೆಗೆ ವಾಣಿ ವಿಲಾಸ, ಕಣ್ಣಿಗೆ ಮಿಂಟೋ. ಬೆಳಗಾಗುವುದೇ ತಡ, ಕೋಲಾರ, ಚಿಂತಾಮಣಿ, ಪಾವಗಡದ ಕಡೆಯವರು ಕೈಯಲ್ಲಿ ಹಳೆಯ ಎಕ್ಸ್‌ರೇ, ಚೀಲದಲ್ಲಿ ಬುತ್ತಿ ಹಿಡಿದು ಹೊರರೋಗಿ ವಿಭಾಗದ ಮುಂದೆ ನಿಂತಿರುತ್ತಾರೆ. ನಾವು ಬಿಳಿ ಕೋಟು ತೊಟ್ಟು ಇಳಿದುಬಂದರೆ ಸಾಕು. ಹೆಸರು, ವಯಸ್ಸು, ಊರು, ಕಸುಬು, ಏನು ತೊಂದರೆ, ಎಷ್ಟು ದಿನದಿಂದ, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ ಎಂದು ಕೇಳುತ್ತಾ ಹೋಗುತ್ತೇವೆ. ರೋಗದ ಪೂರ್ವಚರಿತ್ರೆ ಸರಿಯಾಗಿ ಕೇಳಿದರೆ ಅರ್ಧ ರೋಗ ಗೊತ್ತಾದಂತೆ ಎಂದು ವಾರ್ಡಿನಲ್ಲಿ ಎಷ್ಟು ಸಲ ಹೇಳಿಸಿಕೊಂಡಿದ್ದೇವೋ ಲೆಕ್ಕವಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆಂದು ಎರಡು ತಿಂಗಳ ಸಂಶೋಧನಾ ವಿದ್ಯಾರ್ಥಿವೇತನವೊಂದನ್ನು ನಡೆಸುತ್ತಿದೆ. ನಾನು ಅರ್ಜಿ ಹಾಕಿದಾಗ ಆರಿಸಿಕೊಂಡ ವಿಷಯ ಹಲ್ಲಿನ ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಲೆಗಟ್ಟುವ ತೊಂದರೆ. ಕಾರಣ ದೂರದ್ದಲ್ಲ. ನಮ್ಮ ತಾಯಿಯ ತವರು ಮುಳಬಾಗಿಲಿನ ಕಡೆ. ಅಲ್ಲಿ ನನ್ನ ಸೋದರಮಾವಂದಿರ ಮಕ್ಕಳು ಮದುವೆಯ ಫೋಟೊಗಳಲ್ಲೆಲ್ಲ ತುಟಿ ಮುಚ್ಚಿಕೊಂಡೇ ನಗುತ್ತಾರೆ.

ಕೋಲಾರ ಜಿಲ್ಲೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆಗಳಿದ್ದವು, ತೆರೆದ ಬಾವಿಗಳಿದ್ದವು. ಅವು ಬತ್ತಿದ ಮೇಲೆ ಕೊಳವೆಬಾವಿಗಳು ನೂರಾರು ಅಡಿಯಿಂದ ಸಾವಿರ ಅಡಿ ದಾಟಿ ಇಳಿದವು. ಗ್ರಾನೈಟ್ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಬಂಡೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ದಂತಕವಚ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಇದಕ್ಕಿಂತ ಹೆಚ್ಚು ಕುಡಿದರೆ ಮುಂದೆ ಹುಟ್ಟುವ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಗೆರೆ, ಕಂದು ಮಚ್ಚೆ, ಕೊನೆಗೆ ಗುಳಿಗಳು ಕಾಣಿಸಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿ ಬರೆದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ಹಲ್ಲು ನೋಡುವುದನ್ನು ಕಲಿಯಲು ಪಕ್ಕದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೆ ಹೋದೆ. ಡೀನ್ ಎಂಬ ಅಮೆರಿಕದ ದಂತವೈದ್ಯರು 1930ರ ದಶಕದಲ್ಲಿ ರೂಪಿಸಿ, 1942ರಲ್ಲಿ ತಿದ್ದಿದ ಸೂಚ್ಯಂಕವೇ ಇಂದಿಗೂ ಬಳಕೆಯಲ್ಲಿದೆ. ಸಹಜದಿಂದ ತೀವ್ರದವರೆಗೆ ಆರು ಮೆಟ್ಟಿಲು. ಬಾಯಿಯಲ್ಲಿ ಅತಿ ಹೆಚ್ಚು ಕೆಟ್ಟಿರುವ ಎರಡು ಹಲ್ಲುಗಳನ್ನು ಆರಿಸಿ, ಎರಡೂ ಒಂದೇ ಸಮ ಇಲ್ಲದಿದ್ದರೆ ಕಡಿಮೆ ಕೆಟ್ಟಿರುವುದಕ್ಕೆ ಅಂಕ ಕೊಡಬೇಕು. ಎಲೆಯಡಿಕೆಯ ಕರೆ ಹಲ್ಲಿನ ಮೇಲೆ, ವಸಡಿನ ಅಂಚಿಗೆ ಕೂರುತ್ತದೆ. ಫ್ಲೋರೋಸಿಸ್ ಹಲ್ಲಿನ ಒಳಗೇ ಅಡ್ಡಗೆರೆಯಾಗಿ, ಎಡಕ್ಕೂ ಬಲಕ್ಕೂ ಸರಿಸಮನಾಗಿ ಇರುತ್ತದೆ. ಅಭ್ಯಾಸಕ್ಕೆಂದು ನನ್ನ ಬಾಯನ್ನೇ ತೆರೆಸಿ ನೋಡಿದ ಗೆಳತಿ, ‘ನಿನ್ನದೂ ಅತ್ಯಲ್ಪ ದರ್ಜೆ ಕಣೇ’ ಎಂದು ಬರೆದುಕೊಂಡಳು. ಬೇಸಿಗೆ ರಜೆಗಳನ್ನೆಲ್ಲ ಅಜ್ಜಿಯ ಮನೆಯಲ್ಲಿ ಕಳೆದದ್ದಕ್ಕೆ ಸಿಕ್ಕ ರಸೀದಿ ಅದು.

ಮುಳಬಾಗಿಲು ತಾಲ್ಲೂಕಿನ ಆ ಸರ್ಕಾರಿ ಪ್ರೌಢಶಾಲೆಗೆ ಮೊದಲ ಸಲ ಹೋದದ್ದು ಅವರೆಕಾಯಿಯ ಕಾಲದಲ್ಲಿ. ಮುಖ್ಯೋಪಾಧ್ಯಾಯರು ಹೊಂಗೆ ಮರದ ಕೆಳಗೆ ಬೆಂಚು ಹಾಕಿಸಿಕೊಟ್ಟರು; ಪರೀಕ್ಷೆಗೆ ಹಗಲಿನ ಬೆಳಕೇ ಬೇಕು. ಹದಿನೆಂಟು ತುಂಬದವರಾದ್ದರಿಂದ ಹೆತ್ತವರ ಒಪ್ಪಿಗೆ ಪತ್ರವನ್ನೂ ಮಕ್ಕಳ ಸಮ್ಮತಿಯನ್ನೂ ಮೊದಲೇ ಪಡೆಯಬೇಕಿತ್ತು. ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಒಪ್ಪಿದ್ದ ಪತ್ರ ಕನ್ನಡದಲ್ಲೇ ಇತ್ತು, ಆದರೆ ಸಹಿ ಎಂದ ಕೂಡಲೇ ಊರಿನವರಿಗೆ ನೆನಪಾಗುವುದು ಪಹಣಿ ಮತ್ತು ಸಾಲ. ‘ಹಲ್ಲು ನೋಡುವುದಕ್ಕೆ ಸಹಿ ಯಾಕೆ ತಾಯಿ? ಜಮೀನಿನ ವಿಷಯವೇನೂ ಇಲ್ಲವಲ್ಲ?’ ಎಂದು ಒಬ್ಬ ಅಜ್ಜಿ ತೆಲುಗಿನಲ್ಲಿ ಕೇಳಿದರು. ಅವರಿಗೆ ತೆಲುಗಿನಲ್ಲೇ ಎಲ್ಲವನ್ನೂ ವಿವರಿಸಿದ ಮೇಲೆ ಮೊಮ್ಮಗಳ ಅಪ್ಪನಿಂದ ಸಹಿ ಹಾಕಿಸಿದರು. ಆಮೇಲೆ ತಮ್ಮ ಮೊಣಕಾಲನ್ನೂ ನೋಡಿಬಿಡು ಎಂದರು.

ಹತ್ತಿಯಿಂದ ಹಲ್ಲನ್ನು ಒರೆಸಿ, ಬೆಳಕಿಗೆ ಮುಖ ತಿರುಗಿಸಿ ನೋಡುವುದು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಮೇಲಿನ ಬಾಚಿಹಲ್ಲು ಎರಡರಲ್ಲೂ ನಡುಮಧ್ಯೆ ಟೀ ಡಿಕಾಕ್ಷನ್ ಬಣ್ಣದ ಪಟ್ಟಿ. ಅದರ ಮೇಲೂ ಕೆಳಗೂ ಹಲ್ಲು ಸೀಮೆಸುಣ್ಣದ ಬಿಳುಪು. ಉಗುರು ಆಡಿಸಿದರೆ ತಡೆಯುವಷ್ಟು ಚಿಕ್ಕ ಗುಳಿಗಳು. ‘ಇದ್ದಿಲಿನಿಂದ ಉಜ್ಜಿದರೆ ಹೋಗುತ್ತದಂತಲ್ಲ ಅಕ್ಕ?’ ಎಂದು ಕೇಳಿದಳು. ಹೋಗುವುದಿಲ್ಲ, ಉಜ್ಜಿದಷ್ಟೂ ಹಲ್ಲು ಸವೆಯುತ್ತದೆ. ದಂತವೈದ್ಯರು ಮೇಲಿನಿಂದ ಮುಚ್ಚುವ ಚಿಕಿತ್ಸೆ ಮಾಡಬಲ್ಲರು ಎಂದೆ. ‘ಎಷ್ಟಾಗುತ್ತದೆ?’ ಎಂಬ ಮುಂದಿನ ಪ್ರಶ್ನೆ ತಯಾರಾಗಿಯೇ ಇತ್ತು.

ಇಲ್ಲಿಯವರೆಗೆ ಎಲ್ಲವೂ ಪ್ರಶ್ನಾವಳಿಯ ಪ್ರಕಾರವೇ ನಡೆದಿತ್ತು. ತೊಡಕು ಬಂದದ್ದು ‘ಕುಡಿಯುವ ನೀರಿನ ಮೂಲ’ ಎಂಬ ಕಲಮಿನಲ್ಲಿ. ನಲ್ಲಿ, ಕೊಳವೆಬಾವಿ, ತೆರೆದ ಬಾವಿ, ಇತರೆ. ಒಂದಕ್ಕೆ ಗುರುತು ಹಾಕಬೇಕು. ಮಕ್ಕಳು ಹೇಳಿದ್ದು ಬೇರೆ. ಕುಡಿಯುವುದಕ್ಕೆ ನಾಣ್ಯ ಹಾಕಿ ಇಪ್ಪತ್ತು ಲೀಟರಿನ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ. ಮುದ್ದೆಗೂ ಸಾರಿಗೂ ಪಂಚಾಯಿತಿ ನಲ್ಲಿ. ತೋಟದ ಕೂಲಿಗೆ ಹೋದಾಗ ಹೊಲದ ಪಂಪಿನ ನೀರು. ಘಟಕ ಕೆಟ್ಟರೆ ಎಲ್ಲದಕ್ಕೂ ನಲ್ಲಿಯೇ. ನಾನು ಪಾಲಿಥಿನ್ ಬಾಟಲಿಗಳನ್ನು ಹೊತ್ತುಕೊಂಡೇ ಹೋಗಿದ್ದೆ, ಗಾಜು ಫ್ಲೋರೈಡನ್ನು ಹೀರಿಕೊಳ್ಳಬಹುದು ಎಂಬ ಕಾರಣಕ್ಕೆ. ಪ್ರತಿ ಬಾಟಲಿಯನ್ನೂ ಅದೇ ನೀರಿನಿಂದ ಜಾಲಿಸಿ, ತುಂಬಿಸಿ, ಚೀಟಿ ಅಂಟಿಸಿ ತಂದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಇಳಿಸಿ ನೋಡಿದಾಗ ನಲ್ಲಿಯ ನೀರು ಮಿತಿ ದಾಟಿತ್ತು. ಘಟಕದ್ದು ಮಿತಿಗಿಂತ ಎಷ್ಟೋ ಕೆಳಗಿತ್ತು. ಆದರೆ ಘಟಕದ ನೀರನ್ನೇ ಕುಡಿಯುವ ಎಷ್ಟೋ ಮಕ್ಕಳ ಹಲ್ಲುಗಳು ನಲ್ಲಿ ನೀರು ಕುಡಿಯುವವರದ್ದಕ್ಕಿಂತ ಕೆಟ್ಟಿದ್ದವು. ಇಬ್ಬರು ಅಣ್ಣತಮ್ಮಂದಿರಲ್ಲಿ ದೊಡ್ಡವನಿಗೆ ತೀವ್ರ, ಚಿಕ್ಕವನಿಗೆ ಅಲ್ಪ. ಒಂದೇ ಮನೆ, ಒಂದೇ ಕ್ಯಾನು.

ಮಾರ್ಗದರ್ಶಕರು ಪಟ್ಟಿಯನ್ನು ನೋಡಿ ಒಂದೇ ಮಾತು ಕೇಳಿದರು: ‘ಇದು ಇವತ್ತಿನ ನೀರು. ಈ ಹಲ್ಲು ಯಾವತ್ತಿನದು?’

ಹದಿನಾಲ್ಕು ವರ್ಷದ ಹುಡುಗನ ಬಾಚಿಹಲ್ಲಿನ ಕವಚ ಕಟ್ಟಿಕೊಂಡದ್ದು ಅವನಿಗೆ ನಾಲ್ಕೈದು ವರ್ಷ ತುಂಬುವಷ್ಟರೊಳಗೆ. ಆಗ ಊರಿಗೆ ನೀರು ಕೊಡುತ್ತಿದ್ದ ಕೊಳವೆಬಾವಿ ಯಾವುದು? ಎಷ್ಟು ಆಳದ್ದು? ಪಂಚಾಯಿತಿಯ ಕಡತದಲ್ಲಿ ಬಿಲ್ಲುಗಳಿದ್ದವು, ಆದರೆ ಯಾವ ಬಾವಿಯಿಂದ ಯಾವ ಬೀದಿಗೆ ಯಾವ ವರ್ಷ ನೀರು ಹೋಯಿತು ಎಂಬುದಿರಲಿಲ್ಲ. ಅದು ಇದ್ದದ್ದು ಊರಿನ ನೀರುಗಂಟಿಯ ತಲೆಯಲ್ಲಿ.

ಹಿಂದೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರ ವಂಶ. ಈಗ ಅವರ ಕೆಲಸ ಮೋಟರ್ ಹಾಕುವುದು, ವಾಲ್ವ್ ತಿರುಗಿಸುವುದು, ಬೈಗುಳ ತಿನ್ನುವುದು. ನಾನು ಪುಸ್ತಕ ತೆರೆದು ಕೂತರೆ ಅವರು ಎದ್ದು ನಡೆಯಲು ಶುರುಮಾಡಿದರು, ‘ಕೂತು ಹೇಳುವ ವಿಷಯವಲ್ಲ, ಬನ್ನಿ ತಾಯಿ’ ಎಂದು. ಮಾರಮ್ಮನ ಗುಡಿಯ ಹಿಂದೆ ಕಲ್ಲು ಮುಚ್ಚಿದ ಒಂದು ಕೇಸಿಂಗ್ ಪೈಪು: ಇದರಲ್ಲಿ ಸಿಹಿನೀರು, ಬರಗಾಲದ ವರ್ಷ ನಿಂತಿತು. ಶಾಲೆಯ ಹಿಂದಿನದು: ಇದು ಬಂದ ಮೇಲೆ ಬೇಳೆ ಬೇಯುತ್ತಿರಲಿಲ್ಲ, ಮೇಲಿನ ಬೀದಿಗೆಲ್ಲ ಇದೇ. ರಸ್ತೆ ಬದಿಯದು: ಆಳ ಸಾವಿರದ ಇನ್ನೂರು, ಎರಡು ವರ್ಷವೂ ಬಾಳಲಿಲ್ಲ. ಇಸವಿಗಳನ್ನು ಅವರು ಇಸವಿಯಾಗಿ ಹೇಳಲಿಲ್ಲ. ದೊಡ್ಡ ಮಗಳ ಮದುವೆ, ಪಂಚಾಯಿತಿ ಚುನಾವಣೆ, ಹಸು ಸತ್ತ ವರ್ಷ ಎಂದು ಹೇಳಿದ್ದನ್ನು ನಾನು ಮನೆಮನೆಯಲ್ಲಿ ವಿಚಾರಿಸಿ ಇಸವಿ ಮಾಡಿಕೊಂಡೆ. ಆಸ್ಪತ್ರೆಯಲ್ಲಿ ರೋಗಿಗೆ ಕೇಳುವ ಅದೇ ಪ್ರಶ್ನೆಗಳು: ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಯಿತು, ಯಾವಾಗ ನಿಂತಿತು. ಉತ್ತರ ಮಾತ್ರ ಮಣ್ಣು ಮುಚ್ಚಿದ ಪೈಪುಗಳ ಪರವಾಗಿ ಬರುತ್ತಿತ್ತು.

ಅಣ್ಣತಮ್ಮಂದಿರ ಲೆಕ್ಕ ಅಲ್ಲಿ ಬಿಡಿಸಿಕೊಂಡಿತು. ದೊಡ್ಡವನು ಕೈಗೂಸಾಗಿದ್ದಾಗ ಮನೆಗೆ ಬರುತ್ತಿದ್ದದ್ದು ಶಾಲೆಯ ಹಿಂದಿನ ಬಾವಿಯ ನೀರು. ಚಿಕ್ಕವನು ಹುಟ್ಟುವ ಹೊತ್ತಿಗೆ ಅದು ಬತ್ತಿ, ಶುದ್ಧ ನೀರಿನ ಘಟಕ ಬಂದಿತ್ತು. ಬತ್ತಿದ ಬಾವಿಯ ನೀರನ್ನು ಯಾವ ಎಲೆಕ್ಟ್ರೋಡಿನಿಂದಲೂ ಅಳೆಯಲಾಗುವುದಿಲ್ಲವಾದ್ದರಿಂದ ಇದನ್ನು ಸಾಬೀತು ಎನ್ನುವಂತಿಲ್ಲ, ಹೊಂದಿಕೆಯಾಗುತ್ತದೆ ಎನ್ನಬಹುದು ಅಷ್ಟೇ. ಪ್ರಶ್ನಾವಳಿಗೆ ‘ಮಗು ಹುಟ್ಟಿದಾಗಿನ ನೀರು’ ಎಂಬ ಕಲಮು ಸೇರಿತು; ಅದಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಮತ್ತೆ ಬೇಕಾಯಿತು, ಕಾಯಬೇಕಾಯಿತು.

ಹಿಂತಿರುಗುವಾಗ ನೀರುಗಂಟಿ ಕೆರೆಯ ಏರಿಯವರೆಗೂ ಬಂದರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾದಾಗಿನಿಂದ ಈ ಕಡೆ ಅದೇ ಚರ್ಚೆ. ಅಂತರ್ಜಲ ಮೇಲೆ ಬಂದಿದೆ ಎನ್ನುವವರೂ ಇದ್ದಾರೆ, ಇನ್ನೊಂದು ಹಂತದ ಶುದ್ಧೀಕರಣ ಬೇಕಿತ್ತು ಎನ್ನುವವರೂ ಇದ್ದಾರೆ. ‘ನೀವು ಅಲ್ಲಿ ಬಳಸಿ ಬಿಟ್ಟದ್ದು ಇಲ್ಲಿಗೆ ಬರುತ್ತದೆ, ಇಲ್ಲಿಯದನ್ನು ನೀವು ಬಾಟಲಿಯಲ್ಲಿ ಅಲ್ಲಿಗೆ ಒಯ್ಯುತ್ತೀರಿ’ ಎಂದು ನಕ್ಕರು. ಅವರ ಹಲ್ಲುಗಳಿಗೆ ನಾನು ಮನಸ್ಸಿನಲ್ಲೇ ಅಂಕ ಕೊಟ್ಟೆ.

ವರದಿಯಲ್ಲಿ ಅವರಿಗೆ ಕೃತಜ್ಞತೆ ಹೇಳಬೇಕೆಂದು, ಹೆಸರು ಹಾಕಬಹುದೇ ಎಂದು ಫೋನಿನಲ್ಲಿ ಕೇಳಿದೆ. ‘ಧಾರಾಳವಾಗಿ ಹಾಕಿ. ಜೊತೆಗೆ ಸಂಬಳ ಬಾಕಿ ಇದೆ ಎಂದೂ ಒಂದು ಸಾಲು ಬರೆಯಿರಿ, ದೊಡ್ಡವರು ಓದುತ್ತಾರಲ್ಲ’ ಎಂದರು. ಮಾರ್ಗದರ್ಶಕರು ಹೆಸರನ್ನು ಉಳಿಸಿಕೊಂಡು ಆ ಸಾಲನ್ನು ಹೊಡೆದುಹಾಕಿದರು.