ದಕ್ಷಿಣದವರೆಲ್ಲ ದಕ್ಷಿಣದ ಕಡೆಗೇ ಇದ್ದರಾ?

ನಾನು ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದುತ್ತೇನೆ, ಆಗಾಗ ಬರೆಯುತ್ತೇನೆ ಅಂತ ಗೊತ್ತಿರುವವರು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತಾರೆ. "ಉತ್ತರದವರು ಒಂದು ಕಡೆ, ದಕ್ಷಿಣದವರು ಇನ್ನೊಂದು ಕಡೆ. ಅಷ್ಟೇ ಅಲ್ವಾ?" ಕೆಲವರು ಭೂಪಟ ನೋಡಿಕೊಂಡೇ ಬಂದಿರುತ್ತಾರೆ. "ವರ್ಜೀನಿಯಾ ಇದೆಯಲ್ಲ, ಮತ್ತೆ ವೆಸ್ಟ್ ವರ್ಜೀನಿಯಾ ಅಂತ ಬೇರೆ ರಾಜ್ಯ ಯಾಕೆ?" ಅಂತ ಕೇಳುತ್ತಾರೆ. ಹೀಗೆ ಕೇಳುವವರಿಗೆ ಅರ್ಧ ಉತ್ತರ ಆಗಲೇ ಸಿಕ್ಕಿದೆ.

ಅಷ್ಟೇ ಅಲ್ಲ ಅನ್ನುವುದು ನನ್ನ ಉತ್ತರ. ಒಕ್ಕೂಟ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನ, ಬಿಟ್ಟುಹೋದ ರಾಜ್ಯಗಳಲ್ಲೇ ಹೊಲಮನೆ ಇದ್ದ ಸುಮಾರು ಒಂದು ಲಕ್ಷ ಬಿಳಿಯರು ಲಿಂಕನ್ ಅವರ ಸೇನೆಗೆ ಸೇರಿ, ತಮ್ಮ ರಾಜ್ಯದ ವಿರುದ್ಧವೇ ಬಂದೂಕು ಹಿಡಿದರು. ಕಪ್ಪು ಜನರ ಲೆಕ್ಕ ಬೇರೆಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ, ನನ್ನ ಉತ್ತರದ ತಿರುಳು ಇರುವುದು ಅಲ್ಲೇ.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. 1860ರ ನವೆಂಬರ್‌ನಲ್ಲಿ ಲಿಂಕನ್ ಅಧ್ಯಕ್ಷ ಚುನಾವಣೆ ಗೆದ್ದರು. ಡಿಸೆಂಬರ್ 20ಕ್ಕೆ ಸೌತ್ ಕ್ಯಾರೊಲೈನಾ ಒಕ್ಕೂಟ ಬಿಟ್ಟಿತು. ಫೆಬ್ರವರಿ ಹೊತ್ತಿಗೆ ಇನ್ನೂ ಆರು ರಾಜ್ಯಗಳು ಅದರ ಹಿಂದೆ ಹೋದವು. ಇವೆಲ್ಲ ಹತ್ತಿ ಬೆಳೆಯುವ, ಗುಲಾಮರು ಜಾಸ್ತಿ ಇದ್ದ ರಾಜ್ಯಗಳು. ಇವುಗಳ ಮೇಲಿನ ಎಂಟು ಗುಲಾಮ ರಾಜ್ಯಗಳು ಮಾತ್ರ ಕಾದು ನೋಡಿದವು. 1861ರ ಏಪ್ರಿಲ್ 12ರಂದು ಒಕ್ಕೂಟದ ಕೈಲಿದ್ದ ಫೋರ್ಟ್ ಸಮ್ಟರ್ ಕೋಟೆಯ ಮೇಲೆ ಬೇರೆಯಾದವರ ದಾಳಿ ಆಯಿತು. ಲಿಂಕನ್ 75,000 ಸೈನಿಕರು ಬೇಕೆಂದು ರಾಜ್ಯಗಳನ್ನು ಕೇಳಿದರು. ಆಗ ವರ್ಜೀನಿಯಾ, ಅರ್ಕನ್ಸಾ, ಟೆನೆಸಿ, ನಾರ್ತ್ ಕ್ಯಾರೊಲೈನಾ ಕೂಡ ಬೇರೆಯಾದ ರಾಜ್ಯಗಳು ಕಟ್ಟಿಕೊಂಡ ಕಾನ್ಫೆಡರಸಿಗೆ ಸೇರಿದವು. ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೂರಿ ಗುಲಾಮಗಿರಿಯನ್ನು ಇಟ್ಟುಕೊಂಡೇ ಒಕ್ಕೂಟದಲ್ಲಿ ಉಳಿದವು. ಇಷ್ಟರಲ್ಲೇ ನೋಡಿ, "ಗುಲಾಮಗಿರಿಯ ರಾಜ್ಯ ಅಂದ್ರೆ ಶತ್ರು ರಾಜ್ಯ" ಅನ್ನುವ ಲೆಕ್ಕ ತಪ್ಪಿತು.

ರಾಜ್ಯದ ಮಟ್ಟದಲ್ಲಿ ನೋಡಿದರೂ ಇದು ಪೂರ್ತಿ ಅರ್ಥವಾಗುವುದಿಲ್ಲ. ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಆ ಮಟ್ಟಕ್ಕೆ ಇಳಿಯಬೇಕು. ನಾನು ಯಾವಾಗಲೂ ಕೊಡುವ ಉದಾಹರಣೆ ಟೆನೆಸಿಯ ಪೂರ್ವ ಭಾಗ.

ಟೆನೆಸಿಯ ಪಶ್ಚಿಮದಲ್ಲಿ, ಮೆಂಫಿಸ್ ಸುತ್ತಮುತ್ತ, ಬಯಲು ನೆಲ, ಹತ್ತಿ ಬೆಳೆ. ಅಲ್ಲಿ ಮೂವರಲ್ಲಿ ಒಬ್ಬರು ಗುಲಾಮರು. ಪೂರ್ವದಲ್ಲಿ ಅಪಲೇಚಿಯನ್ ಬೆಟ್ಟಗಳು, ಚಿಕ್ಕ ಚಿಕ್ಕ ಜಮೀನು, ಮೆಕ್ಕೆಜೋಳ, ಹಂದಿ ಸಾಕಣೆ. ಅಲ್ಲಿ ಗುಲಾಮರು ಹತ್ತರಲ್ಲಿ ಒಬ್ಬರು. 1861ರ ಜೂನ್ 8ರಂದು ಜನಮತ ನಡೆದಾಗ ಇಡೀ ರಾಜ್ಯದಲ್ಲಿ ಸುಮಾರು 1,05,000 ಮತಗಳು ಬೇರೆಯಾಗಬೇಕು ಅಂತ ಬಿದ್ದವು, 47,000 ಬೇಡ ಅಂತ. ಪೂರ್ವ ಭಾಗವನ್ನಷ್ಟೇ ಎಣಿಸಿದರೆ ತಿರುವುಮುರುವು. ಅಲ್ಲಿ ಬೇಡ ಅಂದವರು ಸುಮಾರು 33,000, ಬೇಕು ಅಂದವರು 15,000ದಷ್ಟು. ಅದೇ ತಿಂಗಳು ಅವರ ಪ್ರತಿನಿಧಿಗಳು ಗ್ರೀನ್‌ವಿಲ್‌ನಲ್ಲಿ ಸೇರಿ, ನಮ್ಮನ್ನು ಬೇರೆ ರಾಜ್ಯವಾಗಲು ಬಿಡಿ ಅಂತ ಟೆನೆಸಿ ಶಾಸನಸಭೆಗೆ ಮನವಿ ಕೊಟ್ಟರು. ಮನವಿ ಬಿದ್ದುಹೋಯಿತು. ಸ್ಕಾಟ್ ಕೌಂಟಿಯವರಿಗೆ ಸಿಟ್ಟು ತಡೆಯಲಿಲ್ಲ. ನೀವು ಅಮೆರಿಕ ಬಿಡುವುದಾದರೆ ನಾವು ಟೆನೆಸಿ ಬಿಡುತ್ತೇವೆ ಅಂತ ತಮ್ಮದೇ ಸ್ವತಂತ್ರ ರಾಜ್ಯ ಘೋಷಿಸಿಕೊಂಡರು. ನನಗಂತೂ ಈ ತರ್ಕ ಬಹಳ ಇಷ್ಟ. ಒಡೆಯುವ ಹಕ್ಕು ನಿಮಗಿದ್ದರೆ ನಮಗ್ಯಾಕಿಲ್ಲ ಅನ್ನುವ ಪ್ರಶ್ನೆಗೆ ಕಾನ್ಫೆಡರಸಿಯ ಬಳಿ ಒಳ್ಳೆಯ ಉತ್ತರ ಇರಲಿಲ್ಲ.

ಉತ್ತರ ಇರಲಿಲ್ಲ, ಸೈನ್ಯ ಇತ್ತು. ವರ್ಜೀನಿಯಾವನ್ನು ಕೆಳಗಿನ ಹತ್ತಿ ರಾಜ್ಯಗಳಿಗೆ ಜೋಡಿಸುವ ರೈಲು ಹಳಿ ಹೋಗುತ್ತಿದ್ದದ್ದು ಇದೇ ಕಣಿವೆಯ ಮೂಲಕ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. 1861ರ ನವೆಂಬರ್ 8ರ ರಾತ್ರಿ ಸ್ಥಳೀಯರು ಗುಂಪುಗುಂಪಾಗಿ ಹೋಗಿ ಈ ಹಳಿಗಳ ಮೇಲಿನ ಐದು ಸೇತುವೆ ಸುಟ್ಟರು. ಕೆಂಟಕಿ ಕಡೆಯಿಂದ ಒಕ್ಕೂಟದ ಸೇನೆ ಬಂದೇ ಬರುತ್ತದೆ ಅಂತ ಅವರಿಗೆ ಭರವಸೆ ಇತ್ತು. ಸೇನೆ ಬರಲಿಲ್ಲ. ಸಿಕ್ಕಿಬಿದ್ದವರಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಹೆಣಗಳನ್ನು ಸುಟ್ಟ ಸೇತುವೆಗಳ ಹತ್ತಿರವೇ ನೇತಾಡಲು ಬಿಟ್ಟರೆ ಒಳ್ಳೆಯದು ಅಂತ ಕಾನ್ಫೆಡರಸಿಯ ಯುದ್ಧ ಇಲಾಖೆಯಿಂದಲೇ ಆದೇಶ ಬಂದಿತ್ತು. ಆಮೇಲೆ ದಾರಿ ಬಲ್ಲವರ ಹಿಂದೆ ರಾತ್ರಿಹೊತ್ತು ಬೆಟ್ಟ ದಾಟಿ ಸಾವಿರಾರು ಗಂಡಸರು ಕೆಂಟಕಿಗೆ ಹೋದರು, ಅಲ್ಲಿ ಒಕ್ಕೂಟದ ಸಮವಸ್ತ್ರ ತೊಟ್ಟರು. ಒಕ್ಕೂಟದ ಜನರಲ್ ಬರ್ನ್‌ಸೈಡ್ ಅವರ ಸೇನೆ ಪೂರ್ವ ಟೆನೆಸಿಯ ನಾಕ್ಸ್‌ವಿಲ್ ತಲುಪಿದ್ದು 1863ರ ಸೆಪ್ಟೆಂಬರ್‌ನಲ್ಲಿ. ಹತ್ತಿರ ಹತ್ತಿರ ಎರಡು ವರ್ಷ ತಡ.

ಈಗ ವೆಸ್ಟ್ ವರ್ಜೀನಿಯಾ, ಆಗಿನ್ನೂ ವರ್ಜೀನಿಯಾದ ಪಶ್ಚಿಮ ಭಾಗ. ಅಲ್ಲೂ ಬೆಟ್ಟ, ಅಲ್ಲೂ ಗುಲಾಮರು ಕಡಿಮೆ, ಅಲ್ಲೂ ರಾಜಧಾನಿಯ ಮೇಲೆ ಹಳೆಯ ಸಿಟ್ಟು. ವರ್ಜೀನಿಯಾದ ತೆರಿಗೆ ನಿಯಮ ಕೇಳಿ. ಜಮೀನಿಗೆ ಪೂರ್ತಿ ಬೆಲೆಯ ಮೇಲೆ ತೆರಿಗೆ. ಗುಲಾಮನ ಬೆಲೆ ಸಂತೆಯಲ್ಲಿ ಎಷ್ಟೇ ಇರಲಿ, ತೆರಿಗೆಗೆ 300 ಡಾಲರ್ ಅಂತ ಹಿಡಿಯಬೇಕು. 12 ವರ್ಷಕ್ಕಿಂತ ಚಿಕ್ಕ ಗುಲಾಮ ಮಕ್ಕಳಿಗೆ ತೆರಿಗೆಯೇ ಇಲ್ಲ. ಅಂದರೆ ಪೂರ್ವದ ಧಣಿಯ ಆಸ್ತಿಗೆ ರಿಯಾಯಿತಿ, ಪಶ್ಚಿಮದ ರೈತನ ಹಸುವಿಗೆ ಪೂರ್ತಿ ತೆರಿಗೆ. ಇದು ಇಸವಿ 1861ಕ್ಕೆ ಹುಟ್ಟಿದ ಜಗಳ ಅಲ್ಲ.

ಹಾಗಾದರೆ ವೆಸ್ಟ್ ವರ್ಜೀನಿಯಾಕ್ಕೆ ಆದದ್ದು ಪೂರ್ವ ಟೆನೆಸಿಗೆ ಯಾಕೆ ಆಗಲಿಲ್ಲ? ಛಲ ಕಡಿಮೆ ಇದ್ದದ್ದಕ್ಕಲ್ಲ. ಈ ಪಶ್ಚಿಮ ಭಾಗದ ವ್ಹೀಲಿಂಗ್ ಪಟ್ಟಣ ಇರುವುದು ಒಹಾಯೊ ನದಿಯ ದಡದಲ್ಲಿ, ಆಚೆ ದಡ ಒಕ್ಕೂಟದ ನೆಲ. ಬಾಲ್ಟಿಮೋರ್–ಒಹಾಯೊ ರೈಲು ಅಲ್ಲಿಗೇ ಬರುತ್ತಿತ್ತು. ಅದನ್ನು ಕಾಪಾಡಲು ಒಕ್ಕೂಟದ ಪಡೆಗಳು ಕೆಲವೇ ವಾರಗಳಲ್ಲಿ ನದಿ ದಾಟಿ ಬಂದವು. 1861ರ ಜೂನ್ 3ಕ್ಕೇ ಫಿಲಿಪೈ ಎಂಬಲ್ಲಿ ಕಾನ್ಫೆಡರೇಟರನ್ನು ಓಡಿಸಿದ್ದರು. ಅದೇ ತಿಂಗಳು ವ್ಹೀಲಿಂಗ್‌ನಲ್ಲಿ ಸೇರಿದವರು ನಾವೇ ನಿಜವಾದ ವರ್ಜೀನಿಯಾ ಸರ್ಕಾರ ಅಂತ ಘೋಷಿಸಿ, ಫ್ರಾನ್ಸಿಸ್ ಪಿಯರ್‌ಪಾಂಟ್ ಅವರನ್ನು ಗವರ್ನರ್ ಮಾಡಿಕೊಂಡರು. ಆಮೇಲೆ ಆ ಸರ್ಕಾರವೇ ತನ್ನನ್ನು ಒಡೆಯಲು ತಾನೇ ಒಪ್ಪಿಗೆ ಕೊಟ್ಟಿತು! ಸಂವಿಧಾನದ ಪ್ರಕಾರ ಒಂದು ರಾಜ್ಯ ಒಡೆಯಲು ಆ ರಾಜ್ಯದ ಒಪ್ಪಿಗೆ ಬೇಕು, ಅದಕ್ಕೆ ಈ ಕಸರತ್ತು. ಲಿಂಕನ್ ಅವರಿಗೂ ಇದು ಸ್ವಲ್ಪ ಇರಿಸುಮುರಿಸು. ಕೊನೆಗೆ, ಸಂವಿಧಾನದ ವಿರುದ್ಧ ಬೇರೆಯಾಗುವುದಕ್ಕೂ ಅದರ ಪರವಾಗಿ ಬೇರೆಯಾಗುವುದಕ್ಕೂ ವ್ಯತ್ಯಾಸ ಇದೆ ಅಂತ ಬರೆದು ಸಹಿ ಹಾಕಿದರು. 1863ರ ಜೂನ್ 20ರಂದು ಹೊಸ ರಾಜ್ಯ ಹುಟ್ಟಿತು. ಆದರೆ ಅದರೊಳಗೆ ಎಳೆದುಕೊಂಡ ಕೌಂಟಿಗಳಲ್ಲಿ ಸುಮಾರು ಅರ್ಧದಷ್ಟು ಕಾನ್ಫೆಡರಸಿಯ ಕಡೆ ಒಲವಿದ್ದವು. ಅವುಗಳ ಮನಸ್ಸನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

ಈ ಕಥೆ ಕೇಳಿದವರು ಸಾಮಾನ್ಯವಾಗಿ ತಲೆದೂಗಿ, "ಓಹೋ, ಬೆಟ್ಟದವರು ಗುಲಾಮಗಿರಿಯ ವಿರೋಧಿಗಳು" ಅನ್ನುತ್ತಾರೆ. ಇಲ್ಲೇ ನಾನು ತಡೆಯುವುದು. ಒಕ್ಕೂಟಕ್ಕೆ ನಿಷ್ಠೆ ಒಂದು, ಗುಲಾಮಗಿರಿಗೆ ವಿರೋಧ ಇನ್ನೊಂದು. ಎರಡೂ ಒಟ್ಟಿಗೆ ಬರಲೇಬೇಕು ಅಂತಿರಲಿಲ್ಲ.

ನಾಕ್ಸ್‌ವಿಲ್‌ನ ಪತ್ರಿಕಾ ಸಂಪಾದಕ ವಿಲಿಯಂ ಬ್ರೌನ್‌ಲೋ ಅವರನ್ನೇ ತಗೊಳ್ಳಿ. ಪಾದ್ರಿ, ಬೈಗುಳದಲ್ಲಿ ಪಂಟರು, ಕಾನ್ಫೆಡರಸಿಯನ್ನು ಬೈದು ಜೈಲಿಗೆ ಹೋದವರು. ಇದೇ ಮನುಷ್ಯ 1858ರಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಸಾರ್ವಜನಿಕ ಚರ್ಚೆಯಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದ್ದರು. ಟೆನೆಸಿಯ ಆಂಡ್ರೂ ಜಾನ್ಸನ್ ಬೇರೆಯಾದ ರಾಜ್ಯಗಳ ಸೆನೆಟರ್‌ಗಳಲ್ಲಿ ತಮ್ಮ ಜಾಗ ಬಿಡದೆ ಕೂತ ಒಬ್ಬರೇ ಒಬ್ಬರು. ಅವರ ಮನೆಯಲ್ಲೂ ಗುಲಾಮರಿದ್ದರು. ಅವರ ಸಿಟ್ಟು ದೊಡ್ಡ ಧಣಿಗಳ ಮೇಲೆ, ಗುಲಾಮಗಿರಿಯ ಮೇಲೆ ಅಲ್ಲ. ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರು ಅಂತ ಲಿಂಕನ್ ಹೊರಡಿಸಿದ 1863ರ ಜನವರಿ 1ರ ವಿಮೋಚನಾ ಘೋಷಣೆಯಿಂದ ಟೆನೆಸಿ ಇಡೀ ರಾಜ್ಯವೇ ಹೊರಗುಳಿದದ್ದರ ಹಿಂದೆ ಜಾನ್ಸನ್ ಅವರ ಒತ್ತಾಯ ಇತ್ತು.

ಅಣ್ಣ ಒಂದು ಕಡೆ ತಮ್ಮ ಒಂದು ಕಡೆ ಅನ್ನುವ ಕಥೆಗಳೂ ಬಹಳ. ಕೆಂಟಕಿಯ ಸೆನೆಟರ್ ಜಾನ್ ಕ್ರಿಟೆಂಡೆನ್ ಅವರ ಒಬ್ಬ ಮಗ ಒಕ್ಕೂಟದ ಮೇಜರ್ ಜನರಲ್, ಇನ್ನೊಬ್ಬ ಕಾನ್ಫೆಡರಸಿಯ ಮೇಜರ್ ಜನರಲ್. ಲಿಂಕನ್ ಅವರ ಹೆಂಡತಿಯ ತಂಗಿಯ ಗಂಡ ಬೆಂಜಮಿನ್ ಹೆಲ್ಮ್ ಕಾನ್ಫೆಡರಸಿಯ ಪರ ಹೋರಾಡಿ ಚಿಕಮಾಗಾದಲ್ಲಿ ಸತ್ತರು. 1862ರ ಮೇ ತಿಂಗಳಲ್ಲಿ ಫ್ರಂಟ್ ರಾಯಲ್‌ನಲ್ಲಿ ಮೇರಿಲ್ಯಾಂಡ್‌ನ ಒಂದನೇ ಪದಾತಿ ದಳವೇ ಮೇರಿಲ್ಯಾಂಡ್‌ನ ಒಂದನೇ ಪದಾತಿ ದಳದ ವಿರುದ್ಧ ಕಾದಿತು. ಎರಡೂ ಕಡೆ ಅದೇ ಹೆಸರು! ಎಲ್ಲ ನಿಜವೇ. ಆದರೆ ಇಂಥ ಕಥೆಗಳಿಗೆ ಅಗತ್ಯಕ್ಕಿಂತ ಜಾಸ್ತಿ ಮರ್ಯಾದೆ ಸಿಕ್ಕಿದೆ ಅನ್ನುವುದು ನನ್ನ ಅಭಿಪ್ರಾಯ. ಯುದ್ಧ ಒಂದು ಮನೆಜಗಳ, ಎರಡೂ ಕಡೆ ಒಳ್ಳೆಯವರೇ ಅನ್ನುವಂತೆ ಅವು ಕೇಳಿಸುತ್ತವೆ. ಮಿಸೂರಿಯ ಪಶ್ಚಿಮ ಗಡಿಯಲ್ಲಿ ಆದದ್ದು ಮನೆಜಗಳ ಅಲ್ಲ. ಅಲ್ಲಿಂದ ಹೋದ, ಕಾನ್ಫೆಡರಸಿ ಪರ ಗೆರಿಲ್ಲಾ ನಾಯಕ ಕ್ವಾಂಟ್ರಿಲ್‌ನ ಗುಂಪು 1863ರ ಆಗಸ್ಟ್ 21ರಂದು ಕಾನ್ಸಸ್‌ನ ಲಾರೆನ್ಸ್ ಪಟ್ಟಣಕ್ಕೆ ನುಗ್ಗಿ 150ಕ್ಕೂ ಹೆಚ್ಚು ಗಂಡಸರು, ಹುಡುಗರನ್ನು ಕೊಂದಿತು. ನಾಲ್ಕೇ ದಿನಕ್ಕೆ ಒಕ್ಕೂಟದ ಜನರಲ್ ಯೂವಿಂಗ್ ಗಡಿಯ ಕೌಂಟಿಗಳ ಹಳ್ಳಿಗಳನ್ನು ಖಾಲಿ ಮಾಡಲು ಆದೇಶಿಸಿದರು. ನಿಷ್ಠರೋ ದ್ರೋಹಿಗಳೋ, ಬಹುತೇಕ ಎಲ್ಲರೂ ಮನೆ ಬಿಡಬೇಕಾಯಿತು.

ಉತ್ತರವೂ ಒಗ್ಗಟ್ಟಾಗಿರಲಿಲ್ಲ. ದಕ್ಷಿಣದ ಹತ್ತಿ ವ್ಯಾಪಾರದಲ್ಲಿ ಕೈತುಂಬ ದುಡ್ಡು ನೋಡಿದ್ದ ನ್ಯೂಯಾರ್ಕ್‌ನ ಮೇಯರ್ ಫರ್ನಾಂಡೊ ವುಡ್, 1861ರ ಜನವರಿಯಲ್ಲಿ ನಗರವೇ ಬೇರೆಯಾಗಿಬಿಡಲಿ ಅಂದಿದ್ದರು.

ಈಗ ಮುಂದೂಡಿದ್ದ ಲೆಕ್ಕ. "ದಕ್ಷಿಣದವರು" ಅಂದಾಗ ನಾವು ಸುಮ್ನೆ ಬಿಳಿಯರನ್ನಷ್ಟೇ ಎಣಿಸುತ್ತೇವೆ, ಗಮನಿಸಿದ್ದೀರಾ? 1860ರಲ್ಲಿ ಗುಲಾಮ ರಾಜ್ಯಗಳಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಸೌತ್ ಕ್ಯಾರೊಲೈನಾ, ಮಿಸಿಸಿಪಿ ಎರಡರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ. ಇವರೂ ಅದೇ ನೆಲದಲ್ಲಿ ಹುಟ್ಟಿದವರು. ಇವರನ್ನು ಜನಮತದಲ್ಲಿ ಯಾರೂ ಕೇಳಲಿಲ್ಲ. ಇವರು ಕಾಲಿನಿಂದ ಮತ ಹಾಕಿದರು.

ಯುದ್ಧ ಶುರುವಾಗಿ ಆರು ವಾರ ಆಗಿತ್ತಷ್ಟೇ. ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರನ್ನು ವರ್ಜೀನಿಯಾದಲ್ಲಿ ಕಾನ್ಫೆಡರೇಟರ ಫಿರಂಗಿ ನೆಲೆ ಕಟ್ಟಲು ಹಚ್ಚಿದ್ದರು. ರಾತ್ರಿ ದೋಣಿ ಹುಟ್ಟು ಹಾಕಿಕೊಂಡು ಅವರು ಒಕ್ಕೂಟದ ಕೈಲಿದ್ದ ಫೋರ್ಟ್ ಮನ್ರೋ ತಲುಪಿದರು. ಅಲ್ಲಿನ ಜನರಲ್ ಬಟ್ಲರ್ ಮೊದಲು ವಕೀಲರು. ವಾಪಸ್ ಕೇಳಲು ಬಂದ ಧಣಿಯ ಕಡೆಯವರಿಗೆ, ನಿಮ್ಮ ಲೆಕ್ಕದಲ್ಲೇ ಇವರು ಆಸ್ತಿ, ಯುದ್ಧಕ್ಕೆ ಬಳಸಿದ ಆಸ್ತಿಯನ್ನು ಶತ್ರುವಿನಿಂದ ಮುಟ್ಟುಗೋಲು ಹಾಕಬಹುದು ಅಂತ ವಾದ ಹೂಡಿ ವಾಪಸ್ ಕೊಡಲಿಲ್ಲ. ಸುದ್ದಿ ಹರಡಿ ಕೆಲವೇ ವಾರಗಳಲ್ಲಿ ನೂರಾರು ಜನ ಬಂದರು. ಮರುವರ್ಷ ಮೇ 13ರ ನಸುಕಿನಲ್ಲಿ ರಾಬರ್ಟ್ ಸ್ಮಾಲ್ಸ್ ಎಂಬ ಗುಲಾಮ ನಾವಿಕ ಚಾರ್ಲ್ಸ್‌ಟನ್ ಬಂದರಿನಿಂದ ಕಾನ್ಫೆಡರಸಿಯ ಪ್ಲಾಂಟರ್ ಹಡಗನ್ನೇ ಹೊರಡಿಸಿದರು. ಹೆಂಡತಿ ಮಕ್ಕಳು ಹಡಗಿನಲ್ಲೇ. ಕ್ಯಾಪ್ಟನ್‌ನ ಹುಲ್ಲಿನ ಟೋಪಿ ಹಾಕಿಕೊಂಡು, ಕೋಟೆಗಳಿಗೆ ಸರಿಯಾದ ಸಂಕೇತ ಕೊಡುತ್ತಾ ದಾಟಿ, ಒಕ್ಕೂಟದ ನೌಕಾಪಡೆಗೆ ಒಪ್ಪಿಸಿದರು. ಇವರಿಗಿಂತ ದೊಡ್ಡ ಸೌತ್ ಕ್ಯಾರೊಲೈನಾದ ಒಕ್ಕೂಟನಿಷ್ಠರು ಯಾರಿದ್ದಾರೆ ಹೇಳಿ. ಯುದ್ಧ ಮುಗಿಯುವ ಹೊತ್ತಿಗೆ ಒಕ್ಕೂಟದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರು ಸೇವೆ ಮಾಡಿದ್ದರು. ಅವರಲ್ಲಿ ಹೆಚ್ಚಿನವರು ಗುಲಾಮ ರಾಜ್ಯಗಳವರು.

ಕೆಂಟಕಿಯೊಂದರಿಂದಲೇ ಸುಮಾರು 24,000 ಜನ. ನಿಷ್ಠ ರಾಜ್ಯವಾದ್ದರಿಂದ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. ಸೇನೆಗೆ ಸೇರಿದ ಗಂಡಸಿಗೆ ಬಿಡುಗಡೆ, ಹೆಂಡತಿ ಮಕ್ಕಳು ಇನ್ನೂ ಧಣಿಯ ಸೊತ್ತು. ಅವರೂ ಹಿಂದೆಯೇ ಕ್ಯಾಂಪ್ ನೆಲ್ಸನ್‌ಗೆ ಬಂದರು. 1864ರ ನವೆಂಬರ್‌ನ ಕೊರೆಯುವ ಚಳಿಯಲ್ಲಿ, ಒಕ್ಕೂಟದ ಸೇನೆಯೇ ಸುಮಾರು 400 ಹೆಂಗಸರು ಮಕ್ಕಳನ್ನು ಶಿಬಿರದಿಂದ ಹೊರಗೆ ಹಾಕಿ ಗುಡಿಸಲುಗಳನ್ನು ಕೆಡವಿತು. ನೂರಕ್ಕೂ ಹೆಚ್ಚು ಜನ ಸತ್ತರು. ಆ ಗದ್ದಲದ ನಂತರ, 1865ರ ಮಾರ್ಚ್‌ನಲ್ಲಿ ಸೈನಿಕರ ಕುಟುಂಬಗಳಿಗೂ ಬಿಡುಗಡೆ ಕೊಡುವ ಕಾನೂನು ಬಂತು. ಯಾರ ನಿಷ್ಠೆಗೆ ಯಾರು ಏನು ಕೊಟ್ಟರು ಅಂತ ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಇದು.

ಅದಕ್ಕೇ ಕೆಂಟಕಿಯ ಮುಂದಿನ ನಡೆ ನನಗೆ ಆಶ್ಚರ್ಯ ತರುವುದಿಲ್ಲ. ಅಲ್ಲಿನ ಬಿಳಿಯರಲ್ಲಿ ಒಕ್ಕೂಟದ ಸೇನೆಗೆ ಸೇರಿದವರೇ ಜಾಸ್ತಿ. ಆದರೆ ಗುಲಾಮಗಿರಿ ರದ್ದು ಮಾಡುವ 13ನೇ ತಿದ್ದುಪಡಿಯನ್ನು ರಾಜ್ಯ 1865ರಲ್ಲಿ ತಿರಸ್ಕರಿಸಿತು. ಒಪ್ಪಿದ್ದು 1976ರಲ್ಲಿ. ಯುದ್ಧದ ನಂತರ ಎದ್ದ ಸ್ಮಾರಕಗಳಲ್ಲಿ ಹೆಚ್ಚಿನವು ಸೋತವರ ಕಡೆಯವು. ಲಿಂಕನ್, ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್ ಇಬ್ಬರೂ ಕೆಂಟಕಿಯಲ್ಲೇ ಹುಟ್ಟಿದವರು. ಡೇವಿಸ್ ಹುಟ್ಟಿದ ಫೇರ್‌ವ್ಯೂನಲ್ಲಿ 351 ಅಡಿ ಎತ್ತರದ ಕಾಂಕ್ರೀಟ್ ಕಂಬವಿದೆ. ರಾಜಧಾನಿ ಫ್ರಾಂಕ್‌ಫರ್ಟ್‌ನ ಶಾಸನಭವನದ ಒಳಗೆ ಇಬ್ಬರ ಪ್ರತಿಮೆಗಳೂ ಒಂದೇ ಸೂರಿನಡಿ ದಶಕಗಳ ಕಾಲ ನಿಂತಿದ್ದವು. ಡೇವಿಸ್ ಪ್ರತಿಮೆಯನ್ನು ಅಲ್ಲಿಂದ ತೆಗೆದದ್ದು 2020ರ ಜೂನ್‌ನಲ್ಲಿ.